ಹೊಂಬಾಳೆಯಿಂದ ಹೊಗೆಮನೆಗೆ

ಚಂದ್ರಗಿರಿ ಹೊಳೆ ಕಡಲನ್ನು ಸೇರುವ ತಾಣದಲ್ಲಿ ನಸುಕಿಗೆ ಮೊದಲು ಎಚ್ಚರಗೊಳ್ಳುವವರು ಇಬ್ಬರು: ಬಲೆ ಹೊತ್ತವನು ಮತ್ತು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೆಂಗಿನ ಮರವೇರುವವನು. ಈ ಎರಡನೆಯವನ ಕಸುಬನ್ನು ಕರಾವಳಿಯ ಮಾತಿನಲ್ಲಿ ಮೂರ್ತೆ ಎನ್ನುತ್ತಾರೆ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಹದವಾಗಿ ಬಡಿದು, ದಿನವೂ ಅದರ ತುದಿಯನ್ನು ತೆಳುವಾಗಿ ಸವರಿ, ಕೆಳಗೊಂದು ಮಡಕೆ ತೂಗುಹಾಕುವುದು ಆತನ ಕೆಲಸ. ಹನಿಹನಿಯಾಗಿ ಮಡಕೆಗೆ ಇಳಿಯುವ ರಸದಲ್ಲಿ ಶೇ. 12ರಿಂದ 15ರಷ್ಟು ಸಕ್ಕರೆಯಿದೆ. ಮತ್ತಿನ ಲವಲೇಶವೂ ಇಲ್ಲ.

ಆ ಸಿಹಿಗೆ ಆಯುಸ್ಸು ಮಾತ್ರ ತೀರ ಕಡಿಮೆ. ಗಾಳಿಯಲ್ಲಿಯೂ ಮಡಕೆಯ ಒಳಮೈಯಲ್ಲಿಯೂ ನೆಲೆಸಿರುವ ಯೀಸ್ಟ್ ಆಹ್ವಾನಕ್ಕೆ ಕಾಯುವುದಿಲ್ಲ. ಅದರ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆಯುತ್ತದೆ. ಝೈಮೇಸ್ ಎಂದು ಪಾಠಪುಸ್ತಕಗಳು ಕರೆಯುವ ಕಿಣ್ವಗಳ ಗುಂಪು ಅವನ್ನು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಹತ್ತನೆಯ ತರಗತಿಯ ಮಗು ಸಮೀಕರಣವಾಗಿ ಬರೆದು ಅಂಕ ಪಡೆಯುವುದು ಇದನ್ನೇ. ಮಡಕೆಯ ಬಾಯಲ್ಲಿ ಬಿಳಿ ನೊರೆ ಉಕ್ಕುತ್ತದಲ್ಲ, ಅದು ಆ ಡೈಆಕ್ಸೈಡಿನ ಉಸಿರು. ಇಲ್ಲಿಯ ಕ್ರೈಸ್ತರ ಮನೆಗಳಲ್ಲಿ ಸನ್ನದ ಹಿಟ್ಟು ಉಬ್ಬುವುದೂ ಅದೇ ಉಸಿರಿನಿಂದ. ಬೆಳಗಿನ ಸಿಹಿರಸ ಮಧ್ಯಾಹ್ನಕ್ಕೆ ಕಳ್ಳಾಗಿರುತ್ತದೆ.

ಇದನ್ನು ತಡೆಯುವ ಉಪಾಯಗಳೂ ಇದೇ ಮಣ್ಣಿನಲ್ಲಿವೆ. ಮಡಕೆಯ ಒಳಗೆ ಸುಣ್ಣ ಬಳಿಯುವುದು ಹಳೆಯ ಕ್ರಮ. ಸುಣ್ಣದ ಕ್ಷಾರ ಯೀಸ್ಟಿಗೆ ಆಗಿಬರುವುದಿಲ್ಲ. ಪೇಟೆಯ ಸಮೀಪ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೊಸ ದಾರಿಯೊಂದನ್ನು ಕಂಡುಕೊಂಡಿತು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಈ ಸಂಸ್ಥೆಯವರು ಮಡಕೆಯ ಬದಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನೇ ಹೊಂಬಾಳೆಗೆ ಕಟ್ಟಿದರು. ಚಳಿಯಲ್ಲಿ ಯೀಸ್ಟ್ ಮರಗಟ್ಟುತ್ತದೆ, ರಸ ಸಿಹಿಯಾಗಿಯೇ ಉಳಿಯುತ್ತದೆ. ಅದಕ್ಕೆ ಅವರಿಟ್ಟ ಹೆಸರು ಕಲ್ಪರಸ. ಮಂಜುಗಡ್ಡೆ ಹೊತ್ತು ಮರವೇರುವ ದೃಶ್ಯ ಹಳಬರಿಗೆ ನಗು ತರಿಸಬಹುದು. ವಿಜ್ಞಾನ ಮಾತ್ರ ಸುಣ್ಣದ ಮಡಕೆಯದೇ.

ತಡೆಯದೆ ಬಿಟ್ಟರೆ ಕಳ್ಳು ಕಳ್ಳಾಗಿಯೂ ಉಳಿಯದು. ಒಂದೆರಡು ದಿನಗಳಲ್ಲಿ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆದು, ಗಾಳಿಯ ಆಮ್ಲಜನಕದ ನೆರವಿನಿಂದ ಎಥನಾಲನ್ನು ಉತ್ಕರ್ಷಿಸಿ ಎಥನೋಯಿಕ್ ಆಮ್ಲವಾಗಿಸುತ್ತದೆ. ಅಡುಗೆಮನೆಗೆ ಅದು ವಿನೆಗರ್. ಅದರಲ್ಲಿರುವ ಆಮ್ಲ ಸಾಮಾನ್ಯವಾಗಿ ಶೇ. 5ರಿಂದ 8, ಉಳಿದದ್ದು ಬಹುಪಾಲು ನೀರು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬುಸ್ಸೆಂದು ನೊರೆ ಬರುತ್ತದೆ. ಕಾರ್ಬಾಕ್ಸಿಲಿಕ್ ಆಮ್ಲವನ್ನು ಆಲ್ಕಹಾಲಿನಿಂದ ಬೇರ್ಪಡಿಸಿ ಗುರುತಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನಿಲ್ಲ. ಶುದ್ಧ ಎಥನೋಯಿಕ್ ಆಮ್ಲ 16.6 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಹಿಮದಂತೆ ಕಾಣುತ್ತದೆ ಎಂದು ಪುಸ್ತಕ ಹೇಳುತ್ತದೆ. ಕಾಸರಗೋಡಿನ ಸೆಕೆಯಲ್ಲಿ ಆ ಸೋಜಿಗವನ್ನು ಕಾಣಬೇಕಾದರೆ ಫ್ರಿಜ್ಜನ್ನೇ ಮೊರೆಹೋಗಬೇಕು.

ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು ಜಾಲ್ಸೂರಿನ ರಸ್ತೆ ಹಿಡಿದರೆ ತೆಂಗು ಹಿಂದೆ ಸರಿದು ಅಡಕೆ ಬರುತ್ತದೆ. ಬೋವಿಕ್ಕಾನ ದಾಟಿ ಮುಳ್ಳೇರಿಯ, ಆದೂರುಗಳತ್ತ ಸಾಗುತ್ತಿದ್ದಂತೆ ಗುಡ್ಡಗಳ ಮೈಮೇಲೆ ರಬ್ಬರಿನ ಸಾಲುಗಳು ಏರುತ್ತವೆ. ಇಲ್ಲಿಯೂ ಕೆಲಸ ನಸುಕಿನದೇ, ಕತ್ತಿಯೂ ಉಂಟು. ಓರೆಯಾಗಿ ಸೀಳಿದ ತೊಗಟೆಯಿಂದ ಬಿಳಿಯ ಹಾಲು ಗೆರಟೆಗೆ ಇಳಿಯುತ್ತದೆ. ಅದನ್ನು ಸೋಸಿ, ನೀರು ಬೆರೆಸಿ, ತಟ್ಟೆಗಳಲ್ಲಿ ಹೊಯ್ದು, ಮೇಲಿಂದ ಇಷ್ಟೇ ಇಷ್ಟು ‘ಆಸಿಡ್’ ಕಲಸುತ್ತಾರೆ. ರಬ್ಬರಿನ ಕಣಗಳ ಸುತ್ತ ಪ್ರೋಟೀನಿನ ಪೊರೆಯಿದೆ. ಅದು ಹೊತ್ತ ಋಣ ವಿದ್ಯುದಂಶದ ಕಾರಣ ಕಣಗಳು ಒಂದನ್ನೊಂದು ದೂರ ತಳ್ಳುತ್ತ ಹಾಲಿನಲ್ಲಿ ತೇಲುತ್ತಿರುತ್ತವೆ. ಆಮ್ಲ ಆ ವಿದ್ಯುದಂಶವನ್ನು ಇಲ್ಲವಾಗಿಸಿದೊಡನೆ ಕಣಗಳು ಕೂಡಿಕೊಂಡು ಮೊಸರಿನಂತೆ ಗಡ್ಡೆಯಾಗುತ್ತವೆ. ಮುಂದೆ ರೋಲರಿನಲ್ಲಿ ಒತ್ತಿ ಹಾಳೆ ಮಾಡುವುದು, ಹೊಗೆಮನೆಯಲ್ಲಿ ಒಣಗಿಸುವುದು.

ಈ ‘ಆಸಿಡ್’ ಯಾವುದು? ಫಾರ್ಮಿಕ್ ಆಮ್ಲ, ಪುಸ್ತಕದ ಭಾಷೆಯಲ್ಲಿ ಮೆಥನೋಯಿಕ್ ಆಮ್ಲ. ಕಾರ್ಬಾಕ್ಸಿಲಿಕ್ ಆಮ್ಲಗಳ ಕುಟುಂಬದಲ್ಲಿ ಎಲ್ಲಕ್ಕಿಂತ ಕಿರಿದು, ಆದರೆ ವಿನೆಗರಿನ ಆಮ್ಲಕ್ಕಿಂತ ಸುಮಾರು ಹತ್ತು ಪಟ್ಟು ಪ್ರಬಲ. ಹೆಸರು ಬಂದದ್ದು ಇರುವೆಯಿಂದ: ಲ್ಯಾಟಿನಿನಲ್ಲಿ ಇರುವೆಗೆ ಫಾರ್ಮಿಕಾ ಎನ್ನುತ್ತಾರೆ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಜಾನ್ ರೇ ಇದನ್ನು ಇರುವೆಗಳನ್ನೇ ಬಟ್ಟಿ ಇಳಿಸಿ ಪಡೆದಿದ್ದ. ಮಾವಿನೆಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯಿಂದ ಕಚ್ಚಿಸಿಕೊಳ್ಳದ ಮಗು ಈ ಗುಡ್ಡಗಳಲ್ಲಿ ಇರಲಾರದು. ಆ ಉರಿಯಲ್ಲಿಯೂ ಈ ಆಮ್ಲದ ಪಾಲುಂಟು.

ಅಂಗಡಿಯಿಂದ ಬರುವ ಆಮ್ಲ ಇರುವೆಯದಲ್ಲ. ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳನ್ನು ಹೆಚ್ಚಿನ ಒತ್ತಡದಲ್ಲಿ, ಕ್ರಿಯಾವರ್ಧಕದ ಮೇಲೆ ಕೂಡಿಸಿ ಕಾರ್ಖಾನೆಗಳು ಮೆಥನಾಲ್ ತಯಾರಿಸುತ್ತವೆ. ಆ ಮೆಥನಾಲಿಗೆ ಮತ್ತೆ ಮಾನಾಕ್ಸೈಡನ್ನು ಸೇರಿಸಿ ಮೊದಲು ಮೀಥೈಲ್ ಫಾರ್ಮೇಟ್ ಎಂಬ ಎಸ್ಟರನ್ನು ಪಡೆದು, ಅದನ್ನು ನೀರಿನಿಂದ ಒಡೆದರೆ ಫಾರ್ಮಿಕ್ ಆಮ್ಲ. ಮುಳ್ಳೇರಿಯದ ಕೊಟ್ಟಿಗೆಯಲ್ಲಿರುವ ಕ್ಯಾನಿನ ವಂಶಾವಳಿಯನ್ನು ಹಿಡಿದು ಹೋದರೆ ಒಂದು ಆಲ್ಕಹಾಲು ಎದುರಾಗುತ್ತದೆಂದರೆ ಅಚ್ಚರಿಯಲ್ಲವೆ?

ಇದೇ ಬದಲಾವಣೆ ಮನುಷ್ಯನ ಒಡಲಲ್ಲಿ ನಡೆದಾಗ ಮಾತ್ರ ಅದು ಘೋರ. ಎಥನಾಲಿಗೂ ಮೆಥನಾಲಿಗೂ ಕಣ್ಣಿಗೆ ಭೇದ ಕಾಣದು, ವಾಸನೆಯೂ ಹೆಚ್ಚುಕಡಿಮೆ ಒಂದೇ. ನಡುವೆ ಇರುವುದು ಒಂದು ಇಂಗಾಲದ ಅಂತರ. ಯಕೃತ್ತಿನ ಕಿಣ್ವಗಳು ಎಥನಾಲನ್ನು ಎಥನೋಯಿಕ್ ಆಮ್ಲದವರೆಗೆ ಒಯ್ಯುತ್ತವೆ, ಅದನ್ನು ದೇಹ ಉರಿಸಿಬಿಡಬಲ್ಲದು. ಮೆಥನಾಲನ್ನು ಅವೇ ಕಿಣ್ವಗಳು ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಮಾಡುತ್ತವೆ. ಅದು ಬೇಗ ಹೊರಹೋಗದು. ರಕ್ತವನ್ನು ಆಮ್ಲೀಯವಾಗಿಸಿ, ಕಣ್ಣಿನ ನರವನ್ನೇ ಹೊಸಕುತ್ತದೆ. 1982ರ ಓಣಂ ಹಬ್ಬದಲ್ಲಿ ಎರ್ನಾಕುಳಂ ಜಿಲ್ಲೆಯ ವೈಪಿನ್ ದ್ವೀಪದಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 70ಕ್ಕೂ ಹೆಚ್ಚು ಜನ ಸತ್ತರು. ಬದುಕಿದವರಲ್ಲಿ ಹಲವರು ಕುರುಡರಾದರು. ಇಂಥ ರೋಗಿಗೆ ವೈದ್ಯರು ಎಥನಾಲನ್ನೇ ಮದ್ದಾಗಿ ಕೊಡುವುದುಂಟು: ಕಿಣ್ವ ಮೊದಲು ಅದನ್ನು ಆರಿಸಿಕೊಳ್ಳುತ್ತದೆ, ಅಷ್ಟರಲ್ಲಿ ಮೆಥನಾಲನ್ನು ದೇಹದಿಂದ ಹೊರಹಾಕಲು ಸಮಯ ಸಿಗುತ್ತದೆ. ಇದು ಆಸ್ಪತ್ರೆಯಲ್ಲಿ, ಅಳತೆ ಬಲ್ಲವರ ಕೈಯಲ್ಲಿ ಮಾತ್ರ ಸಲ್ಲುವ ಚಿಕಿತ್ಸೆ.

ರಬ್ಬರ್ ತೋಟದ ಮನೆಗಳಲ್ಲಿ ಅಪಾಯ ಇನ್ನೂ ಹತ್ತಿರದ್ದು. ಅಂಗಡಿಯ ಆಮ್ಲ ಬಹಳ ಗಾಢವಾದುದು. ಚರ್ಮಕ್ಕೆ ತಗಲಿದರೆ ಗುಳ್ಳೆ ಏಳುತ್ತದೆ, ಗಂಟಲಿಗೆ ಇಳಿದರೆ ಅನ್ನನಾಳ ಸುಟ್ಟುಹೋಗುತ್ತದೆ. ನೋಡಲಿಕ್ಕೆ ಅದು ತಿಳಿನೀರು. ಬೇಕಾದಷ್ಟನ್ನು ಕ್ಯಾನಿನಿಂದ ಹಳೆಯ ಶರಬತ್ತಿನ ಬಾಟಲಿಗೆ ಹೊಯ್ದು ಸೂರಿನಡಿ ಇಡುವ ಅಭ್ಯಾಸಕ್ಕಿಂತ ಅವಿವೇಕ ಬೇರೊಂದಿಲ್ಲ. ಬಾಯಾರಿ ಬಂದ ಮಗು ಬಾಟಲಿಯ ಆಕಾರವನ್ನು ನಂಬುತ್ತದೆ. ಕ್ಯಾನಿನ ಮೇಲಿನ ಎಚ್ಚರಿಕೆ ಕನ್ನಡದಲ್ಲಿರುವುದಿಲ್ಲ. ಶಾಲೆಯಲ್ಲಿ ಮೆಥನೋಯಿಕ್ ಆಮ್ಲವನ್ನು ಕನ್ನಡದಲ್ಲಿ ಓದಿದ ಹುಡುಗಿಯೇ ಆ ಮನೆಯಲ್ಲಿ ಅದನ್ನು ಅಜ್ಜಿಗೆ ತಿಳಿಯುವಂತೆ ಹೇಳಬಲ್ಲವಳು. ನೀರಿಗೆ ಆಮ್ಲವನ್ನು ಹನಿಸಬೇಕು, ಆಮ್ಲಕ್ಕೆ ನೀರು ಹೊಯ್ಯಬಾರದು, ಕೈಗೆ ಬಿದ್ದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು, ಯಾರಾದರೂ ನುಂಗಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಓಡಬೇಕು. ಇವು ಪರೀಕ್ಷೆಯಲ್ಲಿ ಎರಡಂಕದ ಉತ್ತರವಾದರೂ ಅಲ್ಲಿ ಜೀವದ ಮಾತು.

ಆದೂರು ಕಳೆದ ಮೇಲೆ ರಸ್ತೆ ಕಾಡಿನ ನೆರಳಿಗೆ ಸರಿಯುತ್ತದೆ. ಅಂಗಳದ ಹಗ್ಗಗಳಲ್ಲಿ ಬಟ್ಟೆಗಳ ಪಕ್ಕದಲ್ಲಿಯೇ ಬಿಳಿಯ ರಬ್ಬರ್ ಹಾಳೆಗಳು ನೀರಿಳಿಸುತ್ತಿರುತ್ತವೆ. ಹೊಗೆಮನೆಯಲ್ಲಿ ಕೆಲವು ದಿನ ಕಳೆದು ಜೇನಿನ ಬಣ್ಣಕ್ಕೆ ತಿರುಗಿದವು ಮಡಿಕೆಯಾಗಿ ಜೀಪೇರಿ ಪೇಟೆಗೆ ಇಳಿಯುತ್ತವೆ. ಹುಳಿವಾಸನೆಯೊಂದು ಹಾದಿಯುದ್ದಕ್ಕೂ ಹಿಂಬಾಲಿಸುತ್ತದೆ.