ಹೆಂಚಿನ ಮನೆಗೆ ಏರ್‌ಫೈಬರ್ ಹಾಕಿಸಿದ್ದು

ನಮ್ಮ ಉಡಿಗಾಲದಲ್ಲಿ ಮನೆ ಮೇಲೆ ಬಿಳಿ ಡಬ್ಬ ಕಂಡವರು "ಟಿವಿ ತಟ್ಟೆ ಬದಲಾಯ್ಸಿದ್ರಾ?" ಅಂತ ಕೇಳುತ್ತಾರೆ. ಅದು ತಟ್ಟೆಯಲ್ಲ. ತಟ್ಟೆ ಆಕಾಶದ ಉಪಗ್ರಹದ ಕಡೆ ನೋಡುತ್ತದೆ, ಈ ಡಬ್ಬ ನೋಡುವುದು ಹತ್ತಿರದ ಮೊಬೈಲ್ ಟವರ್ ಕಡೆ. ಸೂರಿನ ಮೇಲೆ ಕೂತ, ಒಳಗೆ ಸಿಮ್ ಇರುವ ದೊಡ್ಡ ಫೋನ್ ಅಂದುಕೊಳ್ಳಿ.

ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ಕ್ಕೆ. ಮರುವರ್ಷ ಆಗಸ್ಟ್‌ನಲ್ಲಿ ಏರ್‌ಟೆಲ್ ದೆಹಲಿ, ಮುಂಬೈಯಲ್ಲೂ, ಸೆಪ್ಟೆಂಬರ್ 19ಕ್ಕೆ ಜಿಯೋ ಬೆಂಗಳೂರು ಸೇರಿ ಎಂಟು ನಗರಗಳಲ್ಲೂ ಏರ್‌ಫೈಬರ್ ತಂದವು. ನಗರದವರಿಗೆ ಇದು ಇನ್ನೊಂದು ಅನುಕೂಲ. ನಮ್ಮದು ಊರಾಚೆಯ ಮನೆ, ಫೈಬರ್ ವೈರ್ ಅಲ್ಲಿತನಕ ಬರುವುದಿಲ್ಲ. ತಂಗಿಗೆ ಸಿಇಟಿ ಆನ್‌ಲೈನ್ ಕ್ಲಾಸ್, ನನಗೆ ವಿಡಿಯೊ ಕಳಿಸುವ ಕೆಲಸ. ಇದೂ ಆಗದಿದ್ದರೆ ಇಬ್ಬರೂ ಮೈಸೂರಲ್ಲಿ ಬಾಡಿಗೆ ರೂಮ್ ಹಿಡಿಯಬೇಕಿತ್ತು.

ಕನೆಕ್ಷನ್ ಹುಡುಗ ಬಂದವನೇ ಮುಂದಿನ ಗೋಡೆಗೆ ಡ್ರಿಲ್ ಹಿಡಿದ. ಮೊದಲು ಸಿಗ್ನಲ್ ತೋರಿಸಪ್ಪ ಅಂದೆ. ಅವನ ಮೊಬೈಲಿನಲ್ಲಿ ಮೈನಸ್ 112 ಬಂತು. ಇದು ಮೈನಸ್ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. 80ರ ಆಸುಪಾಸು ಇದ್ದರೆ ಚೆಂದ, 110 ದಾಟಿದರೆ ಕಷ್ಟ. ಟವರಿಗೂ ನಮಗೂ ನಡುವೆ ಪಕ್ಕದವರ ಹುಣಸೆಮರ ನಿಂತಿತ್ತು. 5ಜಿ ಅಲೆಗೆ ಗೋಡೆಯೂ ಅಡ್ಡ, ಎಲೆಯೂ ಅಡ್ಡ. ಮಳೆಯಲ್ಲಿ ನೆಂದ ಎಲೆ ಇನ್ನೂ ಅಡ್ಡ.

"ಎರಡು ಕೊಂಬೆ ಕಡುದ್ರೆ ಸಾಕು" ಅಂದ ಹುಡುಗ.

"ಮರ ಮುಟ್ಬೇಡ ಕನಪ್ಪ. ಅದು ನಮ್ದಲ್ಲ, ಅವರ ವರ್ಸದ ಕಾಯಿ ಅದ್ರಲ್ಲದೆ" ಅಂದಳು ಅವ್ವ.

ಕೊಟ್ಟಿಗೆ ಹಿಂದಿನ ಮೂಲೆಯಲ್ಲಿ ಹಿಡಿದರೆ 97. ಹೆಂಚಿನ ಮೇಲೆ ಡಬ್ಬ ಕೂರಿಸಲು ಆಗುವುದಿಲ್ಲ, ಕಂಬ ಬೇಕು. ಕಂಬಕ್ಕೆ ಬೇರೆ ದುಡ್ಡು ಅಂದ. ಕೊಟ್ಟಿಗೆಯಲ್ಲಿ ಹಳೇ ಬೋರ್‌ವೆಲ್ಲಿನ ಕಬ್ಬಿಣದ ಪೈಪ್ ಬಿದ್ದಿತ್ತು. ಅದನ್ನೇ ಗೋಡೆಗೆ ಕ್ಲಾಂಪ್ ಹಾಕಿ ಎತ್ತಿದೆವು. ಮೇಲೆ ಹೋದ ಡಬ್ಬವನ್ನು ಅವನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತಾ ಹೋದ, ಕೆಳಗೆ ತಂಗಿ ಅಂಕಿ ಕೂಗುತ್ತಿದ್ದಳು. 86ಕ್ಕೆ ನಿಲ್ಲಿಸಿ ನಟ್ಟು ಬಿಗಿದ. ಈ ತಿರುಗಿಸುವುದರಲ್ಲೇ ಅರ್ಧ ಕೆಲಸ ಇದೆ. ಅವಸರದಲ್ಲಿ ಬಿಟ್ಟುಬಿಡುವುದೂ ಇದನ್ನೇ.

ಡಬ್ಬದಿಂದ ಒಳಗಿನ ರೌಟರ್‌ವರೆಗೆ ಒಂದೇ ವೈರ್. ಇಂಟರ್‌ನೆಟ್ ಕೆಳಗೆ ಬರುವುದೂ ಕರೆಂಟು ಮೇಲೆ ಹೋಗುವುದೂ ಅದರಲ್ಲೇ. ಗೋಡೆಯ ತೂತಿಗೆ ನುಗ್ಗುವ ಮೊದಲು ವೈರನ್ನು ಕೆಳಗೆ ಜೋಲು ಬಿಡಿಸಿದೆ, ಮಳೆನೀರು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕಲಿ ಅಂತ. ಕೋತಿಗಳಿಗಾಗಿ ಹೊರಗಿನ ವೈರಿಗೆಲ್ಲ ಪೈಪ್ ಹಾಕಿಸಿದೆ.

ಅಷ್ಟರಲ್ಲಿ, "ಅಕ್ಕ, ಒಟಿಪಿ ಹೇಳಿ, ಇನ್ನೂ ಎರಡು ಮನೆ ಅವೆ" ಅಂದ. ಒಟಿಪಿ ಹೇಳಿದರೆ ಅವರ ಲೆಕ್ಕದಲ್ಲಿ ಕೆಲಸ ಮುಗಿದ ಹಾಗೆ. ಆಮೇಲೆ ಕರೆದರೆ ಯಾವಾಗ ಬರುತ್ತಾರೋ! ತಂಗಿಯ ಕ್ಲಾಸ್ ಒಳಕೋಣೆಯಲ್ಲಿ ಹಾಕಿಸಿದೆ. ಮೇಷ್ಟ್ರ ಮಾತು ಎರಡು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದ. ನಡುಮನೆಯ ಗೂಡಿಗೆ ತಂದ ಮೇಲೆ ಸರಿಹೋಯಿತು. ಹತ್ತು ನಿಮಿಷ ನೋಡಿ ಒಟಿಪಿ ಹೇಳಿದೆ. ಅವನ ಮುಖ ಸಣ್ಣಗಾಗಿತ್ತು, ಅವ್ವ ಕೊಟ್ಟ ಕಾಫಿ ಕುಡಿದ ಮೇಲೆ ನಕ್ಕ. ದಿನಕ್ಕೆ ಇಷ್ಟು ಮನೆ ಅಂತ ಓಡುವವನು, ಪಾಪ, ಅವನೇನು ಮಾಡಿಯಾನು.

ಕರೆಂಟು ಹೋದರೆ ಒಳಗಿನದೂ ಮೇಲಿನದೂ ಎರಡೂ ಸತ್ತುಹೋಗುತ್ತವೆ. ಅದಕ್ಕೊಂದು ಸಣ್ಣ ಬ್ಯಾಟರಿ ಡಬ್ಬ ತಂದಿದ್ದೇವೆ. ಬೇಸಿಗೆ ಮಳೆಯ ಸಿಡಿಲಿಗೆ ಮಾತ್ರ ಪ್ಲಗ್ ಕೀಳುವುದೇ ದಾರಿ. ದೂರದಲ್ಲಿ ಗುಡುಗಿದರೆ ಅವ್ವ ಮೊದಲು ಪ್ಲಗ್ ಕೀಳುತ್ತಾಳೆ, ಆಮೇಲೆ ಒಣಗಲು ಹರಡಿದ ಅರಿಶಿನ ಎತ್ತಲು ಓಡುತ್ತಾಳೆ. ಆ ಹೊತ್ತಿಗೆ ಕ್ಲಾಸ್ ಇದ್ದರೆ ತಂಗಿಗೂ ಅವಳಿಗೂ ಜಗಳ.