ಮುಧೋಳವೋ, ರಾಜಪಾಳ್ಯಂವೋ? ನಮ್ಮ ಮನೆಯ ಲೆಕ್ಕ

ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ವಾದ. ಮುಧೋಳ ನಾಯಿ ತರಬೇಕೋ, ತಮಿಳುನಾಡಿನ ರಾಜಪಾಳ್ಯಂ ತರಬೇಕೋ? ತಿಳವಳ್ಳಿ ಹತ್ತಿರದ ನಮ್ಮ ಗೋವಿನಜೋಳದ ಹೊಲಕ್ಕೆ ರಾತ್ರಿ ಕಾಡುಹಂದಿ ನುಗ್ಗುತ್ತವೆ. ಹಳೆಯ ನಾಯಿ ಮುಪ್ಪಾಗಿ ಸತ್ತಿದೆ. ತಮ್ಮನಿಗೆ ರಾಜಪಾಳ್ಯಂ ಮೇಲೆ ಮನಸ್ಸು, ನನಗೆ ಮುಧೋಳದ ಮೇಲೆ. ನಿಮ್ಮಲ್ಲೂ ಈ ಯೋಚನೆ ಇದ್ದರೆ ನಮ್ಮ ಲೆಕ್ಕ ಕೇಳಿ.

ಎರಡೂ ಬೇಟೆ ತಳಿಗಳೇ. 2005ರಲ್ಲಿ ಅಂಚೆ ಇಲಾಖೆ ತಂದ ನಾಯಿಗಳ ಅಂಚೆಚೀಟಿಗಳಲ್ಲಿ ಎರಡೂ ಇವೆ. 2020ರ ಆಗಸ್ಟ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಎರಡರ ಹೆಸರನ್ನೂ ಹೇಳಿದ್ದರು. ಹೆಸರಿನಲ್ಲಿ ಯಾವುದೂ ಕಡಿಮೆಯಿಲ್ಲ. ಸ್ವಭಾವ ಮಾತ್ರ ಬೇರೆ.

ಮುಧೋಳ ನಾಯಿ ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು. ಮೂಸುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವ ಜಾತಿ. 2016ರಲ್ಲಿ ಸೇನೆಯವರು ಇದರ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು. ರಾಜಪಾಳ್ಯಂ ಬಿಳಿ ಮೈ, ಗುಲಾಬಿ ಮೂಗು, ಇನ್ನಷ್ಟು ದಪ್ಪ ಮೈಕಟ್ಟು. ಹಿಂದೆ ಹಂದಿ ಬೇಟೆಗೂ ಕಾವಲಿಗೂ ಬಳಸುತ್ತಿದ್ದ ನಾಯಿ. ಒಬ್ಬ ಯಜಮಾನನಿಗೆ ಅಂಟಿಕೊಳ್ಳುತ್ತದೆ, ಹೊರಗಿನವರನ್ನು ಬೇಗ ಒಪ್ಪುವುದಿಲ್ಲ. ಈ ತಳಿಯಲ್ಲಿ ಕಿವುಡು ಮರಿಗಳೂ ಹುಟ್ಟುತ್ತವೆ. ಕೊಳ್ಳುವಾಗ ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಬೇಕು.

"ಹಂದೀನ ಓಡಿಸಾಕ ಅದ ಬೇಕಣ್ಣ" ಅಂದ ತಮ್ಮ. ಇಲ್ಲಿ ಕಾನೂನಿನ ಮಾತು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಬೆನ್ನಟ್ಟಿಸುವುದೂ ಬೇಟೆಯೇ. ನಾಯಿ ಮೊಲ ಹಿಡಿದು ತಂದರೂ ವಿಚಾರಣೆ ಎದುರಿಸಬೇಕಾದವರು ನಾವು. ಅದಲ್ಲದೆ ಕೋರೆಯಿರುವ ಗಂಡು ಹಂದಿ ಎದುರಾದರೆ ನಾಯಿಯ ಹೊಟ್ಟೆಯೇ ಸೀಳಿಹೋಗುತ್ತದೆ. ಹಂದಿಗೆ ಬೇಲಿ, ಬೆಳಕು, ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ, ಇವೇ ದಾರಿ. ನಾಯಿ ಬೊಗಳಿ ಎಬ್ಬಿಸಿದರೆ ಸಾಕು.

ಹಾಗಾದರೆ ಉಳಿದದ್ದು ಮನೆ. ಮನೆಯಲ್ಲಿ ನಾಲ್ಕು ವರ್ಷದ ಮಗು, ಎರಡು ಆಡು, ಕೋಳಿ. ವರದಿಗಾರನ ಮನೆ ಅಂದಮೇಲೆ ಅರ್ಜಿ ಹಿಡಿದು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಜನ. ಬಂದವರೆಲ್ಲರನ್ನೂ ಅನುಮಾನದಿಂದ ನೋಡುವ ಬಲವಾದ ನಾಯಿ ಇಂಥ ಬಾಗಿಲಿಗೆ ಒಗ್ಗದು. ಮುಧೋಳವೂ ಹೊಸಬರನ್ನು ಮುಟ್ಟಗೊಡುವುದು ಕಡಿಮೆ, ಆದರೆ ದೂರ ಸರಿಯುವ ಸ್ವಭಾವ. ಅದಕ್ಕೆ ಓಡುವ ಕೋಳಿ ಕಂಡರೆ ಮಾತ್ರ ತಡೆಯಲಾಗದು. ಮರಿಯಿದ್ದಾಗಿನಿಂದಲೇ ಕೋಳಿ, ಆಡುಗಳ ಜೊತೆ ಬೆಳೆಸಬೇಕು.

ಅವ್ವ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಕಡೆಗೆ ಅಂದಳು: "ಅದನ್ನ ದಿನಾ ಮುಂಜಾನೆ ಓಡಸಾವ್ರು ಯಾರು? ನಮ್ಮ ಮಳ್ಯಾಗ ಆ ಬಡಕಲ ಮೈ ಎಲ್ಲಿ ಮಲಗತೈತಿ?"

ಆಯ್ಕೆಯ ಮಾತು ಅಲ್ಲಿಗೆ ನೆಲಕ್ಕೆ ಇಳಿಯಿತು. ಎರಡೂ ಒಣ ಸೀಮೆಯ ನಾಯಿಗಳು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಹಾನಗಲ್ಲಿನ ಜಿಟಿಜಿಟಿ ಮಳೆಗೆ ಒಣ ಮೂಲೆ, ದಪ್ಪ ಗೋಣಿಚೀಲ ಬೇಕೇಬೇಕು. ದಿನವಿಡೀ ಕಟ್ಟಿಹಾಕಿದರೆ ಕೆಡುತ್ತವೆ. ಅದರ ಮೇಲೆ ಮರಿಗೆ ಪಾರ್ವೋ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ.

ಮುಂಜಾನೆ ಐದಕ್ಕೆ ಎದ್ದು ಓಡಿಸುತ್ತೇನೆ ಎಂದು ತಮ್ಮ ಒಪ್ಪಿದ. ಮುಧೋಳದ ಹೆಣ್ಣು ಮರಿ ಎಂದು ತೀರ್ಮಾನವಾಯಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸುತ್ತೇವೆ. ಏನಾದರೂ ಆದರೆ ಅಲ್ಲಿಗೆ ಹೋಗಿ ಕೇಳಬಹುದು, ಅದೂ ಒಂದು ಕಾರಣ.

ಅವ್ವನ ಷರತ್ತು ಒಂದಿದೆ: ಹಿತ್ತಲಿನ ಬೇಲಿ ಮುಗಿಯುವವರೆಗೆ ಮರಿ ಇಲ್ಲ. ಸದ್ಯ ತಮ್ಮ ಕಂಬಕ್ಕೆ ಗುಂಡಿ ತೋಡುತ್ತಿದ್ದಾನೆ.