ಹಳೆಯ ಬಾಗಿಲು

2024ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೊವೆಂಟ್ರಿಗೆ ಹೋಗಿದ್ದೆ. ಅಲ್ಲಿ ನೆಲೆಸಿರುವ ನಿಮ್ಮ ಸಹಪಾಠಿಯೊಬ್ಬನು ಹಳೆಯ ಜಾಗ್ವಾರ್ ಎಕ್ಸ್‌ಕೆ 120 ಕಾರಿನ ನುಗ್ಗಾದ ಬಾಗಿಲನ್ನು ಸರಿಪಡಿಸುತ್ತಿದ್ದನು. 1948ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಈ ಮಾದರಿಯ ಮೊದಲ ಸುಮಾರು 240 ಕಾರುಗಳ ಒಡಲು ಅಲ್ಯೂಮಿನಿಯಮ್ಮಿನದು. 1950ರಲ್ಲಿ ಉಕ್ಕು ಬಂದರೂ ಬಾಗಿಲುಗಳು ಅಲ್ಯೂಮಿನಿಯಮ್ಮಿನವಾಗಿಯೇ ಉಳಿದವು. ಈ ಲೋಹ ಕಾಯಿಸಿದರೆ ಕೆಂಪಾಗದು, ಹಠಾತ್ತನೆ ಕರಗಿಬಿಡುತ್ತದೆ. ಆದ್ದರಿಂದ ಅವನು ಅಸಿಟಿಲೀನ್ ಜ್ವಾಲೆಯ ಮಸಿಯನ್ನು ತಗಡಿಗೆ ಹಿಡಿಸಿ, ಆ ಮಸಿ ಉರಿದು ಮಾಯವಾಗುವಷ್ಟೇ ಕಾಯಿಸಿದನು; ಮೆತ್ತಗಾದ ತಗಡನ್ನು ಮರದ ಕೊಡತಿಯಿಂದ ಮೆಲ್ಲಮೆಲ್ಲನೆ ತಟ್ಟಿದನು. ಲೆಕ್ಕದ ಮೇಷ್ಟ್ರಾದ ನನಗೆ ಹೊಸ ಬಾಗಿಲೇ ಅಗ್ಗವೆಂದು ತೋರಿತು, ಹಾಗೆಂದೇ ಹೇಳಿದೆ.

“ಇರಬಹುದು ಸರ್. ಆದರೆ ಇದನ್ನು ಇದೇ ಊರಿನ ಕೈಗಳು ಜೋಡಿಸಿದ್ದವು” ಎಂದವನು, ಸವೆದುಹೋಗಿದ್ದ ಕೆಳಗಿನ ಅಂಚನ್ನು ಮಾತ್ರ ಕತ್ತರಿಸಿ, ಅಲ್ಲಿಗೆ ಹೊಸ ಪಟ್ಟಿಯನ್ನು ಬೆಸೆದನು.